ಓರಗಿತ್ತಿಯ ಕೆಮ್ಮು

ಆ ಮನೆಗೆ ಇಬ್ಬರು ಸೊಸೆಯರು. ಹಿರಿಸೊಸೆಗೆ ಆರು ಚಕ್ರ, ಮುಖದ ತುಂಬ ಹಳದಿ ಬಣ್ಣ, ಹೊಟ್ಟೆ ತುಂಬ ಡೀಸೆಲ್. ಕಿರಿಸೊಸೆಗೆ ಇದ್ದದ್ದು ಎರಡೇ ಕಾಲು. ಆದರೆ ಆ ಕಾಲು ಬ್ರೇಕಿನ ಮೇಲೆ ಬಿದ್ದರೆ ಲಾರಿ ಮಾತ್ರವಲ್ಲ, ಹಿಂದೆ ಬರುತ್ತಿದ್ದ ಗಾಳಿಯೂ ನಿಂತು ನೋಡುತ್ತಿತ್ತು.

ಲಾರಿ ಮನೆಗೆ ಬಂದದ್ದು ಮಗನ ಮದುವೆಗೂ ಮುಂಚೆ. ಹಾಗಾಗಿ ಅತ್ತೆಯ ಲೆಕ್ಕದಲ್ಲಿ ಅದೇ ಹಿರಿಯಳು. ಬೆಳಗಾದರೆ ಅಡುಗೆಮನೆಯ ಕಿಟಕಿಯಿಂದಲೇ, "ಹೋಗಿ ನಿನ್ನ ಓರಗಿತ್ತೀನ ಮಾತಾಡಿಸ್ಕೊಂಡು ಬಾ" ಎನ್ನುತ್ತಿದ್ದರು. ಚಕ್ರದ ಗಾಳಿ, ಇಂಜಿನ್ ಆಯಿಲು, ರೇಡಿಯೇಟರಿನ ನೀರು ನೋಡಿ ಬಾ ಎಂದು ಅದರ ಅರ್ಥ. ಮನೆಯೋ ಬೆಂಕಿಪೊಟ್ಟಣದಷ್ಟು, ಅಂಗಳವೋ ವಿಮಾನ ಇಳಿಸುವಷ್ಟು. ಮಾವ ಜಾಗ ಕೊಂಡದ್ದೇ ಲಾರಿಗಾಗಿ. ಅದು ತಿರುಗಲು ಬೇಕಾದಷ್ಟು ಬಿಟ್ಟು, ಉಳಿದ ಮೂಲೆಯಲ್ಲಿ ಮನುಷ್ಯರಿಗೂ ಇರಲಿ ಎಂದು ನಾಲ್ಕು ಗೋಡೆ ಎಬ್ಬಿಸಿದ್ದರು.

ಮಾವನ ದನಿ ಹಾರ್ನಿನದು. ಅವರು ಅಂಗಳದಲ್ಲಿ ಸೀನಿದರೆ ಆಚೆ ಬೀದಿಯ ಸೈಕಲ್ಲಿನವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಆಯುಷ್ಯವಿಡೀ ಲಾರಿ ಓಡಿಸಿ, ಭೂಮಿಯನ್ನು ಏನಿಲ್ಲೆಂದರೂ ನೂರು ಸಲ ಸುತ್ತಿ, ದೂರದ ನೋಟ ಮಂದವಾದ ಮೇಲೆ ಸ್ಟಿಯರಿಂಗನ್ನು ಮಗನಿಗೆ ಬಿಟ್ಟಿದ್ದರು. ಆದರೆ ಕಳೆದ ವರ್ಷ ಚಕ್ರ ಎತ್ತಲು ಹೋಗಿ ಮಗನ ಸೊಂಟ ಹಿಡಿದುಕೊಂಡಿತು. ಬಾಗಬಾರದು, ಭಾರ ಎತ್ತಬಾರದು, ಲಾರಿಯಲ್ಲಿ ಕೂತು ಕುಲುಕಬಾರದು ಎಂದರು ವೈದ್ಯರು. ಇನ್ನು ಡ್ರೈವರನ್ನು ಇಡಬೇಕು ಎಂದು ಬೀದಿಗೆ ಬೀದಿಯೇ ತೀರ್ಪು ಕೊಟ್ಟಾಗ ಮಾವ ಬೀಗದ ಕೈಯನ್ನು ತಂದು ಸೊಸೆಯ ತಟ್ಟೆಯ ಪಕ್ಕದಲ್ಲಿಟ್ಟರು.

"ಊಟ ಆದ್ಮೇಲೆ ಬಾ. ಗೇರು ತೋರಿಸ್ತೀನಿ" ಎಂದಷ್ಟೇ ಹೇಳಿದ್ದರು.

ತವರಿನಲ್ಲಿ ಅವಳ ಕೈಗೆ ಸೈಕಲ್ಲನ್ನೂ ಕೊಟ್ಟವರಿರಲಿಲ್ಲ. ಅವತ್ತಿನಿಂದ ಮಾವ ಎಂದರೆ ಅವಳಿಗೆ ಬೆಟ್ಟ, ಬೆಟ್ಟದ ಮೇಲಿನ ದೀಪ, ದೀಪಕ್ಕೆ ಎಣ್ಣೆ, ಎಲ್ಲವೂ.

ಕೆಲಸ ಹಂಚಿಕೆಯಾಯಿತು. ಸೊಸೆ ಭಟ್ಟಿಯಿಂದ ಇಟ್ಟಿಗೆ ಹೇರಿಕೊಂಡು ದಿಬ್ಬದ ಮೇಲಿನ ಹೊಸ ಬಡಾವಣೆಗೆ ಸಾಗಿಸುವುದು, ಮಗ ಅಡುಗೆ ಮಾಡುವುದು, ಅತ್ತೆ ಅದರಲ್ಲಿ ತಪ್ಪು ಹುಡುಕುವುದು. ಫಿಲ್ಟರ್ ಖಾತೆ ಪೂರ್ತಿ ಮಾವನದು. ಬೆಳಿಗ್ಗೆ ಡೀಸೆಲ್ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ, ಗಾಜಿನ ಶೀಶೆಗೆ ಒಂದಿಷ್ಟು ಬಿಟ್ಟು, ತಳದಲ್ಲಿ ನೀರು ಕೂತಿದೆಯೇ ಎಂದು ವಜ್ರದ ವ್ಯಾಪಾರಿಯಂತೆ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಏರ್ ಫಿಲ್ಟರನ್ನು ಹೊರತೆಗೆದು ಮೆತ್ತಗೆ ತಟ್ಟಿ, ಒಳಗೆ ಬಲ್ಬು ಇಳಿಸಿ, ಕಾಗದದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಪತ್ತೆ ಮಾಡುತ್ತಿದ್ದರು. ಕೈಯಲ್ಲಿ ಉಳಿದದ್ದು ಇದೊಂದೇ ಕೆಲಸವೆಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಫಿಲ್ಟರ್ ಬದಲಿಸುವ ದಿನ ಅವರು ಒಗೆದ ಅಂಗಿ ಹಾಕಿಕೊಳ್ಳುತ್ತಿದ್ದರು.

ಹೀಗಿರುವಾಗ ಲಾರಿಗೆ ಕೆಮ್ಮು ಹಿಡಿಯಿತು.

ಸಪಾಟು ರಸ್ತೆಯಲ್ಲಿ ಏನಿಲ್ಲ. ದಿಬ್ಬಕ್ಕೆ ಮೂತಿ ಇಟ್ಟರೆ ಸಾಕು, ಗೊಕ್ ಗೊಕ್ ಎಂದು ಮುಗ್ಗರಿಸಿ, ಮೋಡ ಕವಿದಂತೆ ಹೊಗೆ ಬಿಟ್ಟು, ಆಮೆಗೂ ದಾರಿ ಬಿಟ್ಟುಕೊಡುತ್ತಿತ್ತು. ಮಾವ ತಡಮಾಡದೆ ಹೊಸ ಡೀಸೆಲ್ ಫಿಲ್ಟರ್ ಹಾಕಿದರು. ಕೆಮ್ಮು ಹೆಚ್ಚಿತು. ಅಂಗಡಿಯವನನ್ನು ಏಳು ತಲೆಮಾರು ಹಿಡಿದು ಬೈದು ಇನ್ನೊಂದು ಹಾಕಿದರು. ಇನ್ನೂ ಹೆಚ್ಚಿತು.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಶುರುಮಾಡಿದರು. "ನನ್ನ ಮಗ ಓಡಿಸೋವಾಗ ಒಂದು ದಿನ ಕೆಮ್ಮಿದ್ದಿಲ್ಲ ಅದು."

"ನಿಮ್ಮ ಮಗ ಓಡಿಸೋವಾಗ ದಿಬ್ಬದ ಮೇಲೆ ಬಡಾವಣೇನೇ ಇರಲಿಲ್ಲ ಅತ್ತೆ."

"ಗೇರು ಹಾಕೋದಕ್ಕೂ ಒಂದು ಹದ ಅಂತಿದೆ. ಒಲೆ ಉರಿ ಇಟ್ಟ ಹಾಗೆ."

"ಹಾಗಾದ್ರೆ ನಿಮ್ಮ ಮಗನಿಗೇ ಹೇಳಿ. ಒಲೆ ಹದ ಗೊತ್ತಿದ್ದಿದ್ರೆ ಇವತ್ತಿನ ಬೇಳೆ ಹೀಗೆ ಸೀದು ಹೋಗ್ತಿರಲಿಲ್ಲ."

ಗಂಡ ತಲೆ ತಗ್ಗಿಸಿ ಸೀದ ಬೇಳೆಯನ್ನು ಅನ್ನದ ಕೆಳಗೆ ಬಚ್ಚಿಟ್ಟ. "ನನ್ನ ಪಾಡಿಗೆ ನಾನು ಉಣ್ತಾ ಇದೀನಿ. ನನ್ನನ್ಯಾಕೆ ನಡುವೆ ತರ್ತೀರಿ?"

"ಗೇರು ಸರಿ ಇದೆ" ಎಂದು ಮಾವ ಹಾರ್ನ್ ಮಾಡಿದರು. ತಟ್ಟೆಗಳು ನಡುಗಿದವು. "ಕಲಿಸಿದೋನು ನಾನು. ಡೀಸೆಲ್ಲಲ್ಲೇ ಕಸ ಇದೆ. ನಾಳೆ ಮತ್ತೆ ಫಿಲ್ಟರ್ ಬದಲಿಸ್ತೀನಿ."

ಎಲ್ಲರೆದುರು ತನ್ನ ಪರ ನಿಂತರಲ್ಲ ಎಂದು ಸೊಸೆಗೆ ಅನ್ನ ಇಳಿಯಲಿಲ್ಲ. ಸೀದ ಬೇಳೆಯೂ ಸ್ವಲ್ಪ ಕಾರಣವಿದ್ದೀತು.

ಮುಂದಿನ ವಾರ ಲಾರಿ ದಿಬ್ಬದ ನಡುವೆ ನಿಂತೇಬಿಟ್ಟಿತು. ಹಿಂದೆ ಸಾಲುಗಟ್ಟಿದ ಗಾಡಿಗಳ ಕೊನೆ ಕಾಣಬೇಕಾದರೆ ದುರ್ಬೀನು ಬೇಕಿತ್ತು. ಬೇರೆ ಲಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಭಟ್ಟಿಗೆ ಹಿಂತಿರುಗಿದಾಗ ಭಟ್ಟಿಯ ಯಜಮಾನ ಕೈಕಟ್ಟಿ ನಿಂತಿದ್ದ.

"ನಿನ್ನ ಮೇಲೆ ನಂಗೆ ಬೇಜಾರಿಲ್ಲಮ್ಮ. ಆದ್ರೆ ಅಲ್ಲಿ ಗಾರೆಯವರು ಇಟ್ಟಿಗೆ ಇಲ್ದೆ ಬೀಡಿ ಸೇದ್ಕೊಂಡು ಕೂತಿದಾರೆ. ಇನ್ನೊಂದು ಸಲ ನಿಂತ್ರೆ ದಿಬ್ಬದ ಬಾಡಿಗೆ ಬೇರೆಯವರಿಗೆ."

ಮನೆಯ ಅನ್ನವೆಲ್ಲ ಆ ದಿಬ್ಬದ ಮೇಲೆಯೇ ಇತ್ತು. ಅವಳು ಮನೆಗೆ ಹೋಗದೆ ಲಾರಿಯನ್ನು ನೇರ, ಇಂಜಿನ್ನಿಗೆ ಡೀಸೆಲ್ ತಳ್ಳುವ ಪಂಪನ್ನು ರಿಪೇರಿ ಮಾಡುವವನ ಬಳಿ ಒಯ್ದಳು. ಅವನು ಪೀಪಾಯಿಯಂಥ ಮನುಷ್ಯ. ಇರುವೆಯ ಹಲ್ಲನ್ನೂ ಬಿಡಿಸಿ ನೋಡುವಂಥ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನಾಜಲ್ ಬಿಚ್ಚಿದ. ಇಂಜಿನ್ನಿಗೆ ಡೀಸೆಲನ್ನು ಹೊಗೆಯಷ್ಟು ನುಣ್ಣಗೆ ಚಿಮ್ಮಿಸುವ ಮೂತಿ ಅದು. ಅದರ ಬಾಯಿಂದ ಚಿಮಟದಲ್ಲಿ ಏನನ್ನೋ ಎಳೆದು ಬಿಳಿ ಕಾಗದದ ಮೇಲಿಟ್ಟ.

"ನೋಡಕ್ಕ. ಬಟ್ಟೆ ನೂಲು."

ಧೂಳಿನಷ್ಟು ಸಣ್ಣ ಎಳೆಗಳು. ಬಣ್ಣ ನೀಲಿ.

"ಫಿಲ್ಟರ್ ದಾಟಿ ಇದು ಬರೋಕಾಗಲ್ಲ" ಎಂದ ಅವನು, ಹೊಸ ಫಿಲ್ಟರೊಂದನ್ನು ತಲೆಕೆಳಗು ಮಾಡಿ ತೋರಿಸುತ್ತ. "ಈ ಸುತ್ತ ಇರೋ ಸಣ್ಣ ತೂತುಗಳಲ್ಲಿ ಕೊಳೆ ಡೀಸೆಲ್ ಒಳಗೆ ಹೋಗುತ್ತೆ. ಮಧ್ಯದ ದೊಡ್ಡ ತೂತಲ್ಲಿ ಸೋಸಿದ್ದು ಹೊರಗೆ ಬಂದು ಸೀದಾ ಪಂಪಿಗೆ. ಹೊಸದು ಹಾಕೋವಾಗ ಮೊದಲೇ ಡೀಸೆಲ್ ತುಂಬಿಸ್ತಾರಲ್ಲ, ಯಾರೋ ಮಧ್ಯದ ತೂತಿಗೇ ಸುರಿದಿದಾರೆ. ಊಟಾನ ಬಾಯಿಗೆ ಹಾಕೋ ಬದಲು ಕೊಯ್ದು ಹೊಟ್ಟೇಗೇ ತುಂಬಿದ ಹಾಗೆ. ಇನ್ನೊಂದು ಸಲ ಹೀಗೆ ಮಾಡಿದ್ರೆ ಪಂಪ್ ಹೋಗುತ್ತೆ. ಆಮೇಲೆ ಲಾರಿ ಮಾರಿ ಪಂಪ್ ಕೊಳ್ಳಬೇಕು."

ಆ ನೀಲಿ ಯಾವ ದಿಂಬಿನ ಗವಸಿನದೆಂದು ಅವಳಿಗೆ ಗೊತ್ತಿತ್ತು. ಕ್ಯಾನಿನ ತಳದಲ್ಲಿ ಕಸ ಕಂಡ ದಿನದಿಂದ ಅತ್ತೆ ಫಿಲ್ಟರಿಗೆ ಹಾಕುವ ಡೀಸೆಲನ್ನು ಆ ಹಳೆಯ ಗವಸಿನಲ್ಲೇ ಸೋಸಿ ಮಾವನಿಗೆ ಕೊಡುತ್ತಿದ್ದರು. "ನಾನು ಸೋಸಿದ್ದನ್ನ ಕುಡಿದ್ರೂ ಏನೂ ಆಗಲ್ಲ" ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಮನೆಗೆ ಬಂದವಳೇ ಅಡುಗೆಮನೆಯ ಬಾಗಿಲು ಮುಂದೆಳೆದು ಗಂಡನಿಗೆ ಎಲ್ಲ ಹೇಳಿದಳು. ಅವನು ಈರುಳ್ಳಿ ಹೆಚ್ಚುತ್ತಿದ್ದ. ಒಂದು ಹೋಳು ಹಲ್ಲಿಯ ಕಣ್ಣಿನಷ್ಟು, ಇನ್ನೊಂದು ಹಲ್ಲಿಯಷ್ಟು.

"ಅಪ್ಪನಿಗೆ ಗೊತ್ತಿಲ್ಲದ್ದಲ್ಲ ಅದು. ನಂಗೆ ಹೇಳಿಕೊಟ್ಟಿದ್ದೇ ಅವರು. ಮೊದಲೆಲ್ಲ ಅವರು ಹೇಳೋರು, ನಾನು ಸುರೀತಿದ್ದೆ."

"ಮತ್ತೆ ಈಗ್ಯಾಕೆ ಮಧ್ಯಕ್ಕೆ ಸುರೀತಾರೆ?"

ಅವನು ಚಾಕು ಕೆಳಗಿಟ್ಟ. "ಅವರ ಚಹಾ ಲೋಟ ಯಾವಾಗ್ಲೂ ಅರ್ಧ ಯಾಕೆ ತುಂಬಿಸ್ತೀನಿ ಅಂದ್ಕೊಂಡಿದೀಯ?"

ಅವಳು ಅದನ್ನು ಜಿಪುಣತನವೆಂದುಕೊಂಡಿದ್ದಳು.

"ಕೈ ನಡುಗುತ್ತೆ ಕಣೇ. ಸಣ್ಣ ತೂತಿಗೆ ಗುರಿ ಸಿಗಲ್ಲ. ಮಧ್ಯದ್ದು ಬಾವಿ ಹಾಗಿದೆ, ಎಲ್ಲಿ ಸುರಿದ್ರೂ ಬೀಳುತ್ತೆ. ಹೇಗೂ ಸೋಸಿದೆಯಲ್ಲ ಅಂತ ಸಮಾಧಾನ ಮಾಡ್ಕೊಂಡಿರಬೇಕು."

"ನಿಮ್ಮಪ್ಪ. ನೀವೇ ಹೇಳ್ರಿ."

"ನಾನಾ? ನಾನು ಮೆಲ್ಲಗೆ ಸೀನಿ ಅಂದ್ರೇನೇ ಅವರು ಮೂರು ದಿನ ಮಾತಾಡಲ್ಲ. ನೀನು ಹೇಳಿದ್ರೆ ಕೇಳ್ತಾರೆ."

"ನನ್ನ ಕೈಗೆ ಸ್ಟಿಯರಿಂಗ್ ಕೊಟ್ಟವರ ಕೈಯಿಂದ ನಾನು ಫಿಲ್ಟರ್ ಕಿತ್ಕೊಳ್ಳಲಾ? ನಾಲಿಗೆ ಹೊರಳುತ್ತಾ ಅದಕ್ಕೆ?"

ಈರುಳ್ಳಿಯ ನೆಪದಲ್ಲಿ ಇಬ್ಬರೂ ಕಣ್ಣೊರೆಸಿಕೊಂಡರು. ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಮಾರನೆಯ ಬೆಳಿಗ್ಗೆ ಮಾವ ಹೊಸ ಫಿಲ್ಟರಿನ ಪೊಟ್ಟಣ ಒಡೆಯುವ ಹೊತ್ತಿಗೆ ಅಂಗಳಕ್ಕೆ ಬಂದು ನಿಂತಳು.

"ಮಾವ, ನಂಗೂ ಕಲಿಸಿ. ದಾರೀಲಿ ಕೆಟ್ಟು ನಿಂತ್ರೆ ನೀವು ಇರ್ತೀರಾ ಅಲ್ಲಿ? ಸುರಿಯೋದು ಬಿಗಿಯೋದು ನಾನೇ ಮಾಡ್ತೀನಿ, ನೀವು ಹೇಳ್ತಾ ಹೋಗಿ."

ಮಾವನ ಎದೆ ಒಂದು ಗೇಣು ಮುಂದೆ ಬಂದಿತು. "ಮೊದಲು ನಾನು ಮಾಡ್ತೀನಿ, ನೋಡು. ಆಮೇಲೆ ನೀನು." ಅಲ್ಲಿಗೆ ಉಪಾಯದ ಅರ್ಧ ಮಣ್ಣುಪಾಲಾಯಿತು.

ಪಾಠ ಶುರುವಾಯಿತು. ಅಂಥ ಪಾಠವನ್ನು ಯಾವ ಕಾಲೇಜೂ ಕೇಳಿಲ್ಲ. "ರಬ್ಬರ್ ರಿಂಗಿಗೆ ಎಣ್ಣೆ ಸವರು, ಒಣಗಿದ್ರೆ ಸುರುಳಿ ಸುತ್ತಿಕೊಳ್ಳುತ್ತೆ. ಬಿಗಿಯೋದು ಬರೀ ಕೈಯಲ್ಲಿ, ಸ್ಪ್ಯಾನರ್ ಹಾಕೋನು ಶತ್ರು. ಇನ್ನು ಇಲ್ಲಿ ನೋಡು. ಸುತ್ತ ತೂತು ಒಳಗೆ ಹೋಗೋಕೆ, ಮಧ್ಯದ್ದು ಹೊರಗೆ ಬರೋಕೆ. ಇದನ್ನ ಉಲ್ಟಾ ಮಾಡೋನು ಕತ್ತೆ. ಅವನ ಕೈಗೆ ಲಾರಿ ಅಲ್ಲ, ಕತ್ತೇನೂ ಕೊಡಬಾರದು."

"ಹೂಂ ಮಾವ."

ಮಾವ ಡೀಸೆಲ್ ಚೊಂಬು ಎತ್ತಿ ಸಣ್ಣ ತೂತಿನ ಮೇಲೆ ಬಾಗಿಸಿದರು. ಕೈ ನಡುಗಿತು. ಡೀಸೆಲ್ ತೂತನ್ನು ಬಿಟ್ಟು ಜಗತ್ತಿನ ಎಲ್ಲ ಕಡೆಗೂ ಹೋಯಿತು. ಒಗೆದ ಅಂಗಿಯ ತೋಳು ನೆನೆಯಿತು. ಇನ್ನೊಮ್ಮೆ ಪ್ರಯತ್ನಿಸಿದರು. ಸೊಸೆ ಆಕಾಶ ನೋಡಿದಳು, ಗೋಡೆ ನೋಡಿದಳು.

ಬಟ್ಟೆ ಒಣಹಾಕುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ಯಾಕ್ರೀ ಚೆಲ್ತಾ ಇದೀರಿ? ಮಧ್ಯಕ್ಕೇ ಹುಯ್ಯಿರಿ, ಯಾವಾಗ್ಲೂ ಹುಯ್ಯೋ ಹಾಗೆ. ನಾನು ಸೋಸಿ ಕೊಟ್ಟಿದೀನಲ್ಲ."

ಮಾವ ಚೊಂಬನ್ನು ಹಿಡಿದಂತೆಯೇ ನಿಂತರು. ಆಮೇಲೆ ಕ್ಯಾನಿನ ಬಾಯಿಗೆ ಕಟ್ಟಿದ್ದ ಗವಸನ್ನು ಬಿಚ್ಚಿ, ಶೀಶೆಯನ್ನು ಹಿಡಿಯುವಂತೆ ಬಿಸಿಲಿಗೆ ಹಿಡಿದರು. ಹಳೆಯ ಬಟ್ಟೆಯ ನೂಲು ಗಾಳಿಯಲ್ಲಿ ಉದುರುತ್ತಿತ್ತು.

"ನಿನ್ನೆ ಪಂಪಿನವನ ಹತ್ರ ಹೋಗಿದ್ಯಂತಲ್ಲ."

"ಹೂಂ ಮಾವ."

"ನಾಜಲ್ ಬಿಚ್ಚಿದ್ನಾ?"

"ಬಿಚ್ಚಿದ."

"ಏನು ಸಿಕ್ತು?"

ಸುಳ್ಳು ಹೇಳಬಹುದಿತ್ತು. ಬಾಯಿ ತೆರೆದಳು, ಸುಳ್ಳು ಬರಲಿಲ್ಲ. "ನೂಲು."

"ಯಾವ ಬಣ್ಣ?"

"ನೀಲಿ, ಮಾವ."

ಮಾವ ಚೊಂಬನ್ನು ಕೆಳಗಿಟ್ಟರು. ಒಂದೊಂದೇ ಬೆರಳನ್ನು ಒರೆಸಿಕೊಂಡು ಒಳಗೆ ಹೋದರು.

ಅಂದಿನಿಂದ ಹಾರ್ನ್ ಕೆಟ್ಟಿತು. ಮಾವ ಉಂಡದ್ದು ಗುಬ್ಬಿ ಉಣ್ಣುವಷ್ಟು, ಆಡಿದ್ದು ಅದಕ್ಕಿಂತ ಕಡಿಮೆ. ಸ್ಪ್ಯಾನರುಗಳ ಪೆಟ್ಟಿಗೆಯನ್ನು ಮಗನ ಮುಂದಿಟ್ಟು, "ಇನ್ಮೇಲೆ ಮೆಕ್ಯಾನಿಕ್ ಹತ್ರ ಬಿಡ್ರಿ" ಎಂದರು. ಅತ್ತೆ ಗವಸನ್ನು ಒಲೆಗೆ ಹಾಕಿ ಸುಟ್ಟು, ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟರು. ಮೂರನೆಯ ದಿನ ತಾವೇ ಒಲೆಯ ಮುಂದೆ ಕೂತು ಅವಳಿಗೆ ಮೊಟ್ಟೆ ಹುರಿದರು.

"ಗೇರು ಗೇರು ಅಂತ ನಿನ್ನ ತಲೆ ತಿಂದೆ" ಎಂದರು, ಬಾಣಲೆಯನ್ನು ನೋಡುತ್ತ. "ಇದನ್ನ ತಿನ್ನು. ಸೀದಿಲ್ಲ."

"ಅತ್ತೆ, ನೀವು ಸೋಸಿದ್ದು ಇಂಜಿನ್ ಚೆನ್ನಾಗಿರಲಿ ಅಂತ ತಾನೆ?"

"ನನ್ನ ಸ್ವಂತ ದಿಂಬಿಂದು ಕಣೇ. ಅದಿಲ್ದೆ ನಾನು ಬರೀ ಹತ್ತಿ ಮೇಲೆ ಮಲಗಿದ್ದೆ ಇಷ್ಟು ದಿನ. ನಿನ್ನ ಓರಗಿತ್ತಿಗೋಸ್ಕರ."

ಮೊಟ್ಟೆ ತಿಂದು ಅವಳು ಮಾವನ ಬಳಿ ಹೋದಳು. ಅವರು ಗೋಡೆಗೆ ಮುಖ ಮಾಡಿ ಕೂತಿದ್ದರು.

"ಮಾವ, ಲಾರಿ ಕಲಿಯೋವಾಗ ಭಟ್ಟಿ ಗೋಡೆ ಕೆಡವಿದ್ದೆ. ಬೀಗದ ಕೈ ವಾಪಸ್ ಕೇಳಿದ್ರಾ ನೀವು?"

"ಗೋಡೆ ಕಟ್ಟಬಹುದು. ಇಂಜಿನ್ ಹಾಗಲ್ಲ."

"ಇಂಜಿನ್ ಬದುಕಿದೆಯಲ್ಲ."

"ನನ್ನಿಂದಲ್ಲ" ಎಂದು ಮಾವ ಮತ್ತೆ ಗೋಡೆಯ ಕಡೆ ತಿರುಗಿದರು.

ಟ್ಯಾಂಕ್ ತೊಳೆಸಿದ್ದಾಯಿತು, ನಾಜಲ್ ಕೂರಿಸಿದ್ದಾಯಿತು. ಯಜಮಾನ ಒಂದು ಲೋಡು ಹಾಕಿಸಿ, ಇದನ್ನು ದಿಬ್ಬ ಹತ್ತಿಸಿದರೆ ಬಾಡಿಗೆ ನಿಮ್ಮದೇ ಎಂದಿದ್ದ. ಇನ್ನು ಹೊಸ ಫಿಲ್ಟರ್ ಹಾಕುವುದೊಂದೇ ಬಾಕಿ. ಮೆಕ್ಯಾನಿಕ್ಕಿನ ಬಳಿ ಅವಳು ಹೋಗಲಿಲ್ಲ. ಲೋಡು ಲಾರಿಯನ್ನು ಅಂಗಳದಲ್ಲೇ ನಿಲ್ಲಿಸಿ, ಪುಟ್ಟ ಆಲಿಕೆ ಹಿಡಿದು ಸುತ್ತಲಿನ ತೂತುಗಳಿಗೆ ಹನಿ ಚೆಲ್ಲದಂತೆ ಸುರಿದಳು, ಬರಿಗೈಯಲ್ಲಿ ಬಿಗಿದಳು. ಅಲ್ಲಿಯವರೆಗೆ ಎಲ್ಲ ಸರಾಗ. ಆಮೇಲೆ ಕೊಳವೆಯೊಳಗೆ ಸಿಕ್ಕಿಕೊಂಡ ಗಾಳಿ ತೆಗೆಯಬೇಕಿತ್ತು. ಗಾಳಿ ಇದ್ದರೆ ಇಂಜಿನ್ ಹಿಡಿಯುವುದಿಲ್ಲ. ಒಂದು ಕೈ ಫಿಲ್ಟರಿನ ಪಕ್ಕದ ಪುಟ್ಟ ಕೈಪಂಪನ್ನು ಹೊಡೆಯುತ್ತಿರಬೇಕು, ಇನ್ನೊಂದು ಕೈ ಆಚೆ ಕಡೆಯ ತಿರುಪನ್ನು ಸಡಿಲಿಸಿ, ನೊರೆ ಹೋಗಿ ಬರೀ ಡೀಸೆಲ್ ಬಂದ ಗಳಿಗೆಯಲ್ಲೇ ಮುಚ್ಚಬೇಕು. ಎರಡರ ನಡುವೆ ಇಡೀ ಇಂಜಿನ್ನು. ಅವಳು ಈಚೆ ಪಂಪ್ ಹೊಡೆದು ಆಚೆ ಓಡುವಷ್ಟರಲ್ಲಿ ಗಾಳಿ ಮತ್ತೆ ಒಳಗೆ ಹೋಗಿ ನಗುತ್ತಿತ್ತು.

ಗಂಡ ಬಾಗುವಂತಿಲ್ಲ. "ನಾನಿದೀನಿ, ಸರಿ" ಎಂದು ಅತ್ತೆ ಸೆರಗು ಸಿಕ್ಕಿಸಿ ತಿರುಪಿಗೆ ಕೈಹಾಕಿದರು. ಹಾಕಿದವರು ಪೂರ್ತಿ ಬಿಚ್ಚಿಯೇಬಿಟ್ಟರು. ಡೀಸೆಲ್ ಕಾರಂಜಿ ಎದ್ದು ಅವರ ನೆತ್ತಿಯಿಂದ ಪಾದದವರೆಗೆ ಇಳಿಯಿತು.

"ಅಮ್ಮ, ಒಲೆ ಹತ್ರ ಬರಬೇಡಿ ಈಗ" ಎಂದ ಮಗ.

ಆಗ ಕಿಟಕಿಯಿಂದ ಹಾರ್ನು ಕೇಳಿತು. "ಮುಚ್ರೀ ಅದನ್ನ. ಅರ್ಧ ಸುತ್ತು ಅಂದ್ರೆ ಅರ್ಧ ಸುತ್ತು."

"ಅರ್ಧ ಅಂದ್ರೆ ಎಷ್ಟು ಅಂತ ನಂಗೇನು ಗೊತ್ತು?" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಗೊತ್ತಿದ್ದೋರು ಬಂದು ಮಾಡಿ."

ಮಾವ ಬಂದರು. ಹಳೆಯ ಅಂಗಿಯಲ್ಲೇ ಬಂದರು. ಹೆಂಡತಿಯ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, ಬಂಪರ್ ಹಿಡಿದು ಕುಕ್ಕರುಗಾಲಲ್ಲಿ ಕೂತರು.

"ಹೊಡಿ."

ಅವಳು ಹೊಡೆದಳು. ತಿರುಪಿನ ಬಾಯಿಂದ ಬುಸುಬುಸು ನೊರೆ ಬಂತು. ಸ್ಪ್ಯಾನರ್ ಹಿಡಿದ ಕೈ ನಡುಗುತ್ತಿತ್ತು. ನಡುಗಿದರೇನು, ತಿರುಪಿನ ತಲೆಯನ್ನು ಅದು ಬಿಡಲಿಲ್ಲ. ಮಾವ ಕಣ್ಣು ಮುಚ್ಚಿ ಕಿವಿಯನ್ನು ಹತ್ತಿರ ತಂದಿದ್ದರು. "ಹೊಡಿ. ಇನ್ನೂ ಇದೆ. ಹೊಡಿ, ನಿಲ್ಲಿಸಬೇಡ." ಅವಳ ಭುಜ ಕಳಚಿ ಪಕ್ಕದೂರಿಗೆ ಬೀಳುವುದರಲ್ಲಿತ್ತು. "ಹಾಂ. ಬಂತು ನೋಡು. ಸಾಕು." ತಿರುಪು ಮುಚ್ಚಿತು.

ಕೀ ತಿರುಗಿಸಿದಳು. ಒಂದೇ ಏಟಿಗೆ ಇಂಜಿನ್ ಹಿಡಿಯಿತು. ಕೆಮ್ಮಲ್ಲ, ದಮ್ಮಲ್ಲ, ಹೊಟ್ಟೆ ತುಂಬಿದ ಹುಲಿಯ ಗುರುಗುರು. ಮೂರು ಬೀದಿಗಳಾಚೆ ಕಿಟಕಿಗಳು ಅದುರಿದವು.

"ಸುರಿಯೋದು ಇನ್ಮೇಲೆ ನೀನು" ಎಂದರು ಮಾವ, ಕೈ ಒರೆಸಿಕೊಳ್ಳುತ್ತ. "ಗಾಳಿ ತೆಗೆಯೋದು ನಾನು."

"ಆಯ್ತು ಮಾವ. ಹತ್ತಿ ಈಗ. ದಿಬ್ಬ ನೋಡ್ಕೊಂಡು ಬರೋಣ."

ಕಲಿಸುವ ದಿನಗಳು ಮುಗಿದ ಮೇಲೆ ಅವರು ಅವಳ ಪಕ್ಕದಲ್ಲಿ ಕೂತದ್ದು ಅಂದೇ. ಊರು ದಾಟಿ ರೈಲುಗೇಟಿನ ಬಳಿ ನಿಂತಾಗ, ಮುಂದಿನ ಗಾಜನ್ನೇ ನೋಡುತ್ತ, "ನಿಂಗೆ ಮೊದಲೇ ಗೊತ್ತಿತ್ತು. ಆದ್ರೂ ಕಲಿಸಿ ಅಂತ ಬಂದೆ" ಎಂದರು.

"ಹೇಳೋಕೆ ಬಾಯಿ ಬರಲಿಲ್ಲ ಮಾವ."

"ಒಳ್ಳೇದಾಯ್ತು. ನೇರ ಹೇಳಿದ್ದಿದ್ರೆ ನಾನು ಒಪ್ತಾನೇ ಇರಲಿಲ್ಲ. ನಾಲ್ಕು ಪಂಪ್ ಸುಟ್ಟ ಮೇಲೂ ಒಪ್ತಿರಲಿಲ್ಲ. ನನ್ನ ಬುದ್ಧಿ ನಂಗೊತ್ತು." ಗೇಟು ತೆರೆಯಿತು. "ನಮ್ಮನೆಗೆ ನೀನು ಬಂದಿದ್ದು ಒಳ್ಳೇದಾಯ್ತು ತಾಯಿ."

ಅವಳು ಗೇರು ಹಾಕಿದಳು.

ದಿಬ್ಬ ಎದುರಾಯಿತು. ಲಾರಿ ಮೂತಿ ಎತ್ತಿತು. ಅವಳು ಗೇರು ಇಳಿಸಿ, ಉಸಿರು ಬಿಗಿಹಿಡಿದು, ಮುಗ್ಗರಿಸುವ ಜಾಗಕ್ಕೆ ಕಾದಳು. ಆ ಜಾಗ ಬಂತು, ಹೋಯಿತು. ಅಷ್ಟು ಇಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು ಲಾರಿ ತುಪ್ಪದಲ್ಲಿ ಬೆರಳು ಆಡಿಸಿದಂತೆ ಮೇಲೆ ಹೋಯಿತು.

"ನೋಡಿದ್ರಾ ಮಾವ?"

ಮಾವ ನೋಡಿರಲಿಲ್ಲ. ತಲೆ ಬಾಗಿಲಿಗೆ ಒರಗಿತ್ತು, ಸ್ವಲ್ಪ ತೆರೆದ ಬಾಯಿಂದ ಸಣ್ಣಗೆ ಗೊರಕೆ ಬರುತ್ತಿತ್ತು. ಇನ್ನೊಬ್ಬರು ಸ್ಟಿಯರಿಂಗ್ ಹಿಡಿದಾಗ ಅವರು ರೆಪ್ಪೆ ಮುಚ್ಚಿದವರೇ ಅಲ್ಲ. ಹೆತ್ತ ಮಗ ಓಡಿಸುವಾಗಲೂ ಎರಡೂ ಕಾಲಿನಿಂದ ಇಲ್ಲದ ಬ್ರೇಕ್ ಒತ್ತಿಕೊಂಡೇ ಕೂರುತ್ತಿದ್ದವರು. ಈಗ ದಿಬ್ಬದ ಕಡಿದಾದ ತಿರುವಿನಲ್ಲಿ, ತುಂಬಿದ ಲಾರಿಯಲ್ಲಿ, ತೊಟ್ಟಿಲಲ್ಲಿಟ್ಟ ಕೂಸಿನಂತೆ ಮಲಗಿಬಿಟ್ಟಿದ್ದರು. ಕಾಲೆರಡೂ ಸಡಿಲವಾಗಿ ಬಿದ್ದಿದ್ದವು.

ಉಳಿದ ದಾರಿಯನ್ನು ಅವಳು ಒಂದೇ ಒಂದು ಗುಂಡಿಗೂ ಚಕ್ರ ಇಳಿಸದೆ ಸಾಗಿದಳು. ಅಂಥ ರಸ್ತೆಯಲ್ಲಿ ಅದು ಹಕ್ಕಿಗೂ ಆಗದ ಕೆಲಸ. ಬಡಾವಣೆಯಲ್ಲಿ ಲಾರಿ ನಿಂತಾಗ ಇಟ್ಟಿಗೆ ಇಳಿಸುವವರು ಗದ್ದಲ ಮಾಡುತ್ತ ಓಡಿಬಂದರು. ಒಬ್ಬ ಹಿಂಬಾಗಿಲ ಚಿಲಕಕ್ಕೆ ಕೈಹಾಕಿ, ಮಾವನ ಕಡೆ ಗದ್ದ ತೋರಿಸಿದ.

"ಯಜಮಾನ್ರನ್ನ ಎಬ್ಬಿಸ್ಲಾ ಅಕ್ಕ?"

"ಬೇಡ" ಎಂದಳು ಅವಳು, ಪಿಸುದನಿಯಲ್ಲಿ. "ಮೆಲ್ಲಗೆ ಇಳಿಸ್ರಪ್ಪ."

ಒರಟು ಕೈಗಳ ಆ ಗಂಡಾಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಡೀ ಲಾರಿಯ ಇಟ್ಟಿಗೆಯನ್ನು, ಒಂದಕ್ಕೊಂದು ತಾಗಿದ ಸದ್ದಾಗದಂತೆ, ಮೊಟ್ಟೆ ಇಳಿಸಿದ ಹಾಗೆ ಇಳಿಸಿದರು.